ಹೇರೋಹಳ್ಳಿಯ ಐದು ಕುಳಿಗಳು

ಯಾವ ವಸ್ತುವಿಗೇ ಆಗಲಿ, ಅಂಗಡಿಯವನು ಮೊದಲು ಹೇಳುವುದು ಬೆಲೆಯಲ್ಲ, ಬರೀ ಪೀಠಿಕೆ ಎಂಬುದು ನನ್ನ ಸಿದ್ಧಾಂತ. ಸೀನಿಯರ್‌ಗಳ ಹಳೆಯ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡು, ಜೂನಿಯರ್‌ಗಳಿಗೆ ಮುಕ್ಕಾಲಿಗೆ ಮಾರಿ, ಎಂ.ಕಾಂ. ಫೀಸನ್ನು ನಾನೇ ಕಟ್ಟಿಕೊಂಡವನು. ರಾಜಾಜಿನಗರದ ನಮ್ಮ ಬೀದಿಯಲ್ಲಿ ಪ್ರೆಷರ್ ಕುಕ್ಕರ್‌ನಿಂದ ಮದುವೆ ಸೀರೆಯವರೆಗೆ ಏನು ಕೊಳ್ಳುವವರೂ ನನ್ನ ಸಲಹೆ ಕೇಳಿಯೇ ಪೇಟೆಗೆ ಹೋಗುತ್ತಿದ್ದರು. ಕೇಳದವರ ಮನೆಗೆ ನಾನೇ ಹೋಗಿ ಹೇಳಿಬರುತ್ತಿದ್ದೆ. ಇಂಥ ನಾನು ಗಾಲ್ಫ್ ಆಡಲು ಹೊರಟೆ. ಅದೂ ಕಡಿಮೆ ಖರ್ಚಿನಲ್ಲಿ!

ಎಪ್ಪತ್ತರ ದಶಕದ ನಡುವಿನ ಮಾತು. ಯೂನಿವರ್ಸಿಟಿಯ ಹೊಸ ಆವರಣದಲ್ಲಿ ಮರಗಳಿಗಿಂತ ನಿರುದ್ಯೋಗಿಗಳು ಬೇಗ ಬೆಳೆಯುತ್ತಿದ್ದ ಕಾಲ. ಅಪ್ಪನ ರಿಟೈರ್‌ಮೆಂಟಿಗೆ ಎಂಟೇ ತಿಂಗಳು ಉಳಿದಿತ್ತು. ಆಗ ಒಂದು ಬಣ್ಣದ ಕಂಪನಿಯಿಂದ ನನಗೆ ಇಂಟರ್‌ವ್ಯೂ ಕಾಗದ ಬಂತು. ಗೆಳೆಯ ನಾಗರಾಜ ಓಡಿಬಂದು ಕಿವಿಯಲ್ಲಿ ಉಸುರಿದ.

"ಗುರು, ಅಲ್ಲಿನ ದೊಡ್ಡ ಸಾಹೇಬ್ರು ಗಾಲ್ಫ್ ಆಡೋರನ್ನೇ ತಗೋತಾರಂತೆ. ಕೈಗೆ ಕೋಲು ಕೊಟ್ಟು ನೋಡ್ತಾರಂತೆ!"

"ಯಾರೋ ಹೇಳಿದ್ದು?"

"ಎಲ್ಲಾರೂ ಹೇಳ್ತಿದಾರೆ ಕಣೋ."

ಎಲ್ಲರೂ ಹೇಳಿದ ಮೇಲೆ ಸುಳ್ಳಾಗುವುದುಂಟೇ? ಕಂಪನಿಯವರಿಗೆ ತುಂಬಿ ಕಳಿಸಬೇಕಿದ್ದ ಫಾರಂನಲ್ಲಿ 'ಹವ್ಯಾಸ' ಎಂಬಲ್ಲಿ ನೀಲಿ ಶಾಯಿಯಿಂದ 'ಗಾಲ್ಫ್' ಎಂದು ಬರೆದೆ. ಕಲಿಯಲು ಮೂರು ವಾರವಿತ್ತು. ಬಾಕಿ ಉಳಿದದ್ದು ಯೂನಿವರ್ಸಿಟಿಯ ಹತ್ತಿರ, ಸಾರ್ವಜನಿಕರಿಗೆ ತೆರೆದ, ವಿದ್ಯಾರ್ಥಿಯ ಜೇಬಿಗೆ ಒಗ್ಗುವ ಒಂದು ಗಾಲ್ಫ್ ಮೈದಾನ ಹುಡುಕುವುದಷ್ಟೇ.

ಹುಡುಕಿದೆ. ಕೆಂಗೇರಿ ಕಡೆ ಕೇಳಿದರೆ ಹೊಲ ತೋರಿಸಿದರು. ವಿಜಯನಗರದಲ್ಲಿ ಕೇಳಿದರೆ ಗೋಲಿ ಆಡುವ ಜಾಗ ತೋರಿಸಿದರು. ಕೊನೆಗೆ ಊರಿನ ಆ ತುದಿಯ ಒಂದು ದೊಡ್ಡ ಕ್ಲಬ್ಬಿನ ಗೇಟಿಗೆ ಸೈಕಲ್ ತುಳಿದೆ. ಮೀಸೆಯ ವಾಚ್‌ಮನ್ ಅಡ್ಡ ನಿಂತ.

"ಮೆಂಬರಾ?"

"ಸ್ಟೂಡೆಂಟು. ನಮಗೇನು ಕನ್ಸೆಷನ್ ಇದೆ?"

"ಕಾಂಪೌಂಡ್ ಆಚೆ ನಿಂತ್ಕೊಂಡು ನೋಡ್ಬೋದು. ಅದು ಪೂರ್ತಿ ಕನ್ಸೆಷನ್ನೇ."

ಚೌಕಾಸಿ ಈಗ ಶುರುವಾಗಬೇಕೆಂದು ನನಗೆ ಗೊತ್ತಿತ್ತು. "ಚೆಂಡು ಬೀಳಿಸೋ ಹದಿನೆಂಟು ಕುಳೀನೂ ನಂಗ್ಯಾಕಣ್ಣ? ನಾಲ್ಕು ಕುಳಿಗೆ ಎಷ್ಟು ಅಂತ ಒಂದು ರೇಟ್ ಹೇಳಿ."

"ಸಾರ್, ಇದು ಇಡ್ಲಿ ಹೋಟ್ಲಲ್ಲ. ಸಿಂಗಲ್ ಪ್ಲೇಟ್ ಸಿಗಲ್ಲ."

ಸರಿ, ಇವರ ಹುಲ್ಲು ಇವರಿಗೇ ಇರಲಿ ಎಂದುಕೊಂಡು ಗುಜರಿ ಸಂತೆಗೆ ಹೋದೆ. ಅಲ್ಲಿ ಹರಿದ ಛತ್ರಿಗಳ ನಡುವೆ ಒಂದು ಗಾಲ್ಫ್ ಕೋಲು ಮಲಗಿತ್ತು. ಅಂಗಡಿಯವನು ಹನ್ನೆರಡು ರೂಪಾಯಿ ಎಂದ. ನಾನು ಮೂರು ಎಂದೆ. ಅವನು "ತಗೊಳ್ಳಿ" ಎಂದ! ಜೀವಮಾನದಲ್ಲಿ ಒಮ್ಮೆಯೂ ಯಾರೂ ನನ್ನ ಮೊದಲ ಮಾತಿಗೆ ಒಪ್ಪಿದ್ದಿಲ್ಲ. ಆಗ ಅನುಮಾನ ಪಡಬೇಕಿತ್ತು. ಬದಲಿಗೆ ಹೆಮ್ಮೆಪಟ್ಟು, ಕೊಸರಿಗೆ ಒಂದು ಚೆಂಡನ್ನೂ ಕೇಳಿ ಪಡೆದೆ.

ನಾಗರಾಜ ಎಲ್ಲಿಂದಲೋ ಇಂಗ್ಲಿಷ್ ಪತ್ರಿಕೆಯ ಚಿತ್ರವೊಂದನ್ನು ಕತ್ತರಿಸಿ ತಂದಿದ್ದ. ಅದನ್ನು ಕೋಲಿನ ಪಕ್ಕ ಹಿಡಿದು ತಲೆ ಕೆರೆದ.

"ಲೋ, ಈ ಚಿತ್ರದಲ್ಲಿರೋನು ಈ ಕಡೆ ನಿಂತಿದಾನೆ. ನಿನ್ನ ಕೋಲಲ್ಲಿ ಹೊಡೀಬೇಕಾದ್ರೆ ಆ ಕಡೆ ನಿಂತ್ಕೋಬೇಕಲ್ಲೋ?"

"ಚಿತ್ರ ಉಲ್ಟಾ ಛಾಪಿಸಿದಾರೆ ಕಣೋ. ಪ್ರೆಸ್ಸಿನೋರ ಕೆಲಸ ನಿಂಗೊತ್ತಿಲ್ವಾ?" ಎಂದು ವಿವಾದಕ್ಕೆ ತೆರೆ ಎಳೆದೆ.

ಮೈದಾನವನ್ನು ನಾವೇ ನಿರ್ಮಿಸುವುದೆಂದು ಇಬ್ಬರೂ ಸರ್ವಾನುಮತದಿಂದ ತೀರ್ಮಾನಿಸಿದೆವು. ಮಾಗಡಿ ರಸ್ತೆಯ ಹೇರೋಹಳ್ಳಿಯ ದನ ಮೇಯುವ ಬಯಲು ಉಚಿತ, ವಿಶಾಲ, ಹಸಿರು. ಹುಲ್ಲು ಕತ್ತರಿಸಲು ಎಮ್ಮೆಗಳಿದ್ದವು, ಸಂಬಳ ಕೇಳುತ್ತಿರಲಿಲ್ಲ. ಹಾರೆಯಿಂದ ಐದು ಕುಳಿ ತೋಡಿದೆವು. ಒಂದೊಂದರ ಪಕ್ಕ ಬಿದಿರಿನ ಗಳ ನೆಟ್ಟು, ಅಮ್ಮನ ಹಳೆಯ ಕೆಂಪು ಸೀರೆಯನ್ನು ಹರಿದು ಬಾವುಟ ಕಟ್ಟಿ, ಸುಣ್ಣದಲ್ಲಿ ಒಂದರಿಂದ ಐದರವರೆಗೆ ನಂಬರು ಬರೆದೆವು. ಬಿಸಿಲಿಗೆಂದು ನಾನು ಒಂದು ಹ್ಯಾಟನ್ನೂ ಹಾಕಿಕೊಂಡೆ.

ನಾನು ಮರೆತದ್ದು ಒಂದೇ. ಆ ವರ್ಷಗಳಲ್ಲಿ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಹ್ಯಾಟು ಹಾಕಿಕೊಂಡವನು ಬಯಲಿನಲ್ಲಿ ನಂಬರು ಬರೆದ ಬಾವುಟ ನೆಟ್ಟರೆ ಅದಕ್ಕೆ ಒಂದೇ ಅರ್ಥ. ಸರ್ಕಾರದ ಮನೆ ಸೈಟುಗಳ ಲೇಔಟ್ ಬರುತ್ತಿದೆ, ಜಮೀನು ಹೋಗುತ್ತಿದೆ!

ಮೂರನೆಯ ದಿನ ನಾನು ಕೋಲೆತ್ತಿ ಗುರಿ ಹಿಡಿದಿದ್ದಾಗ, ಹಳ್ಳಿಯ ಹಿರಿಯರಾದ ಹನುಮಂತಪ್ಪನವರು ಹತ್ತು ಜನರೊಡನೆ ಎಳನೀರು ಹಿಡಿದು ಬಂದರು.

"ಬುದ್ದಿ, ನಮ್ ರಾಗಿ ಹೊಲ ಒಂದ್ ಬಿಟ್ಬುಡಿ. ಬಾವುಟಾನ ಒಸಿ ಆ ಕಡೀಕ್ ನೆಡಿ."

"ಅಯ್ಯೋ, ನಾನು ಸರ್ಕಾರದೋನಲ್ಲ ಯಜಮಾನ್ರೇ. ಇದು ಆಟ!"

"ಹೂಂ ಬುದ್ದಿ, ಹೋದ್ ಸಲ ಬಂದಿದ್ ಸಾಹೇಬ್ರೂ ಹಿಂಗೇ ಅಂದಿದ್ರು, ಸುಮ್ನೆ ಅಳತೆ ಅಂತ. ಆ ಕಡೆ ಊರ್ನಾಗೆ ಹೊಲ ಎಲ್ಲಾ ಹೋಯ್ತು."

ನಾನು ಅಲ್ಲ ಎಂದಷ್ಟೂ ಅವರಿಗೆ ನಾನೇ ದೊಡ್ಡ ಆಫೀಸರು ಎಂಬುದು ಖಾತ್ರಿಯಾಯಿತು. ಸರ್ಕಾರ ಕಿತ್ತುಕೊಳ್ಳುವ ಮೊದಲು ನೀವೇ ಕೊಂಡುಕೊಳ್ಳಿ ಎಂದು ಒಬ್ಬ ತನ್ನ ಎರಡೆಕರೆಯನ್ನು ಕಡ್ಲೆಕಾಯಿ ಬೆಲೆಗೆ ಕೊಡಲು ಬಂದ. "ಇಲ್ಲಿ ಬಂದು ಯಾರಪ್ಪ ವಾಸ ಮಾಡ್ತಾರೆ?" ಎಂದು ಅವನಿಗೆ ಬುದ್ಧಿ ಹೇಳಿ ಕಳಿಸಿದೆ. ಎಳನೀರು ಮಾತ್ರ ಕುಡಿದೆ.

ಸುದ್ದಿ ಮಾಗಡಿ ರಸ್ತೆಯುದ್ದಕ್ಕೂ ಹಬ್ಬಿತು. ಭಾನುವಾರ ಬೆಳಿಗ್ಗೆ ಸೈಟು ನೋಡಲು ಬಸವೇಶ್ವರನಗರದಿಂದಲೂ ಜನ ಬಂದರು. ಅವರ ನಡುವೆ ಸೈಕಲ್ ತಳ್ಳುತ್ತಾ, ಬೆವರು ಒರೆಸುತ್ತಾ ಬಂದವರು ನಮ್ಮಪ್ಪ! ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದ ಮನುಷ್ಯ. ಮೂರನೇ ನಂಬರಿನ ಬಾವುಟದ ಬಳಿ ನನಗೆ ಬೆನ್ನ ಹಿಂದಿನಿಂದಲೇ ಕೈ ಮುಗಿದರು.

"ಸಾರ್, ಈ ಮೂರನೇ ನಂಬರು ಖಾಲಿ ಇದೆಯಾ? ಪೂರ್ವಕ್ಕೆ ಬಾಗಿಲು ಬರುತ್ತಾ?"

ನಾನು ತಿರುಗಿದೆ. ಅಪ್ಪ ಹ್ಯಾಟು ನೋಡಿದರು, ಕೋಲು ನೋಡಿದರು, ಅಮ್ಮನ ಸೀರೆಯ ಬಾವುಟ ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನಾಗರಾಜ ಹೇಳ್ತಿದ್ದ ಆಟ ಇದೇನಾ? ಇದನ್ನ ಕಲಿತ್ರೆ ಕೆಲಸ ಸಿಗುತ್ತೇನೋ?"

"ಖಂಡಿತ ಅಪ್ಪ."

"ಹಾಗಾದ್ರೆ ಆಡು," ಎಂದು ಹೇಳಿ, ಸೈಕಲ್ ತಿರುಗಿಸಿಕೊಂಡು ಹೋದರು. ಇಂಟರ್‌ವ್ಯೂ ದಿನ ನನ್ನ ಪ್ಯಾಂಟಿಗೆ ಅವರೇ ಇಸ್ತ್ರಿ ಹಾಕಿದರು.

ಸಾಹೇಬರ ಕೋಣೆಯ ಮೂಲೆಯಲ್ಲಿ ನಿಜವಾಗಿಯೂ ಒಂದು ಗಾಲ್ಫ್ ಕೋಲು ಒರಗಿತ್ತು. ನಾಗರಾಜನಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಲೆಕ್ಕ, ವ್ಯಾಪಾರ ಎಲ್ಲ ಕೇಳಿದರು. ಪಟಪಟ ಉತ್ತರಿಸಿದೆ. ಸಾಹೇಬರ ಮುಖ ಅರಳಿತು.

"ಗಾಲ್ಫ್ ಅಂತ ಬರೆದಿದೀರಿ. ಎಲ್ಲಿ ಆಡ್ತೀರಿ?"

"ಯೂನಿವರ್ಸಿಟಿ ಕಡೆ ಒಂದು ಪಬ್ಲಿಕ್ ಮೈದಾನ ಇದೆ ಸಾರ್. ತುಂಬಾನೇ ಪಬ್ಲಿಕ್ಕು."

"ಹೌದಾ? ಎಲ್ಲಿ, ಹಿಡಿದು ತೋರಿಸಿ ನೋಡೋಣ," ಎಂದು ತಮ್ಮ ಕೋಲನ್ನು ಪ್ರೀತಿಯಿಂದ ನನ್ನ ಕೈಗಿತ್ತರು.

ಹಿಡಿದೆ. ನೋಡಿದೆ. ಚೆಂಡಿಗೆ ಹೊಡೆಯುವ ಕೋಲಿನ ಮುಖ ನನ್ನ ಕೋಲಿನದಕ್ಕೆ ಉಲ್ಟಾ, ಆ ಕಡೆ ತಿರುಗಿತ್ತು! ಪಾಪ, ಇಷ್ಟು ದೊಡ್ಡ ಮನುಷ್ಯನಿಗೆ ಯಾರೋ ಮೋಸ ಮಾಡಿದ್ದರು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸಲಹೆ ನನ್ನ ರಕ್ತದಲ್ಲಿದೆ.

"ಸಾರ್, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಎಷ್ಟು ಕೊಟ್ರಿ?"

"ಯಾಕೆ?"

"ಟೋಪಿ ಹಾಕಿದಾರೆ ಸಾರ್ ನಿಮಗೆ. ಮುಖಾನೇ ಉಲ್ಟಾ ಕೂರಿಸಿದಾರೆ. ಗುಜರಿ ಸಂತೇಲಿ ನನಗೆ ಗೊತ್ತಿರೋನು ಒಬ್ಬ ಇದಾನೆ. ಭಾನುವಾರ ನನ್ನ ಜೊತೆ ಬನ್ನಿ, ಒಳ್ಳೇದು ಕೊಡಿಸ್ತೀನಿ!"

ಸಾಹೇಬರು ಮೆಲ್ಲಗೆ ಕೇಳಿದರು.

"ನೀವು ಎಡಚರಾ?"

"ಇಲ್ಲ ಸಾರ್, ಬಲಗೈ."

"ನಿಮಗೆ ಯಾರೋ ಎಡಚರ ಕೋಲು ಮಾರಿದಾರೆ." ಕೋಲನ್ನು ವಾಪಸ್ಸು ಇಸಿದುಕೊಂಡು ಮೂಲೆಗಿಟ್ಟರು. "ಗಾಲ್ಫ್ ಬರುತ್ತಾ ಅಂತ ನಾನು ಯಾರನ್ನೂ ಕೇಳಲ್ಲ. ನೀವು ಬರೆದಿದ್ರಲ್ಲ, ಅದಕ್ಕೆ ಕೇಳಿದೆ. ವ್ಯಾಪಾರದ ಕೆಲಸ ನೋಡಿ ಇದು. ಕೊಳ್ಳೋ ಮೊದಲು ವಸ್ತು ನೋಡೋರು ಬೇಕು ನಮಗೆ."

ಮನೆ ಬಾಗಿಲಲ್ಲೇ ಅಪ್ಪ ಕಾಯುತ್ತಿದ್ದರು.

"ಕೋಲು ಕೊಟ್ರಾ?"

"ಕೊಟ್ರು."

"ಹೊಡೆದ್ಯಾ?"

"ಇಲ್ಲ. ಸಲಹೆ ಕೊಟ್ಟೆ."

ಅಪ್ಪನಿಗೆ ಮಿಕ್ಕದ್ದು ಅರ್ಥವಾಯಿತು. ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆಯನ್ನು ಅಟ್ಟದ ಮೇಲೆ ಎತ್ತಿಟ್ಟರು.

ಮರುದಿನದಿಂದ ಆ ಕೋಲು ಅಮ್ಮನ ಪಾಲಾಯಿತು. ಎತ್ತರದ ತಂತಿಯ ಮೇಲೆ ಒದ್ದೆ ಸೀರೆ ಹರವಲು ಅದರಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ. ಪಕ್ಕದ ಮನೆ ಆಂಟಿ ಕಾಂಪೌಂಡಿನಾಚೆಯಿಂದ ಅದನ್ನು ಮೆಚ್ಚಿ ನೋಡಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ನಿಮಗೂ ಒಂದು ಕೊಡಿಸ್ಲಾ ಆಂಟಿ? ಹನ್ನೆರಡು ಹೇಳಿದ್ದನ್ನ ಮೂರಕ್ಕೆ ಇಳಿಸಿದ್ದೆ."

ಅಮ್ಮ ಸೀರೆಯ ಹಿಂದಿನಿಂದ ತಲೆ ಹೊರಹಾಕಿದಳು. "ಬೇಡ ಕಣ್ರೀ, ಇವನ ಮಾತು ಕೇಳ್ಬೇಡಿ. ಇವನು ಕೊಡಿಸಿದ್ರೆ ನೀವು ಮನೇನೇ ಆ ಕಡೆ ತಿರುಗಿಸಿ ಕಟ್ಕೋಬೇಕಾಗುತ್ತೆ!"