ಚಿಗವ್ವನ ಆರಾಮ

ನಮ್ಮ ಕಡೆ 'ಆರಾಮ' ಎಂಬ ಮಾತನ್ನು ಯಾರೂ ನಂಬಬಾರದು. ಅದು ಬಂದವರಿಗೆ ಕೊಡುವ ನೀರಿನ ತಂಬಿಗೆಯಂಥದು. ಯಾರು ಬಂದರೂ ಕೊಡಲೇಬೇಕು. ಅಣ್ಣಿಗೇರಿಯ ದವಾಖಾನೆಯಲ್ಲಿ ನರ್ಸಾಗಿದ್ದುಕೊಂಡೇ ತಲೆಗೂದಲು ಹಣ್ಣಾದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಜ್ವರದಲ್ಲಿ ಗಡಗಡ ನಡುಗುತ್ತ ಬಂದವರೂ "ಆರಾಮೇನ್ರಿ?" ಎಂದರೆ "ಆರಾಮ್ರಿ, ನೀವು ಆರಾಮ?" ಎಂದು ತಿರುಗಿ ಕೇಳಿ, ಆಮೇಲೆ ಕಂಬಳಿ ಹೊದ್ದು ಬೆಂಚಿನ ಮೇಲೆ ಉರುಳುತ್ತಾರೆ. ಇಷ್ಟು ತಿಳಿದೂ ನಾನು ಮೋಸ ಹೋದದ್ದು ಒಂದು ಆನ್‌ಲೈನ್ ಕೋರ್ಸಿನ ಕೃಪೆಯಿಂದ.

ನರ್ಸುಗಳು ಕಲಿಯುತ್ತಲೇ ಇರಬೇಕಂತೆ. ಕಲಿತದ್ದಕ್ಕೆ ಸರ್ಟಿಫಿಕೇಟು ತೋರಿಸದಿದ್ದರೆ ನೋಂದಣಿ ನವೀಕರಣವಾಗುವುದಿಲ್ಲ, ಅದಾಗದಿದ್ದರೆ ನೌಕರಿಗೇ ಕುತ್ತು. ಹೀಗಾಗಿ ಈ ವಯಸ್ಸಿನಲ್ಲಿ ಮೊಬೈಲ್ ಹಿಡಿದು 'ಆರೋಗ್ಯ, ಸ್ವಾಸ್ಥ್ಯ ಮತ್ತು ಸ್ಥಳೀಯ ಸಮುದಾಯಗಳ ಸಂಸ್ಕೃತಿಯ ಅರಿವು' ಎಂಬ ಕೋರ್ಸಿಗೆ ಸೇರಿದೆ. ಹೆಸರು ಓದಿ ಮುಗಿಸುವಷ್ಟರಲ್ಲೇ ಬಾಯಿ ಒಣಗಿ ನೀರು ಕುಡಿದೆ. ಪಾಠ ಹೇಳುವ ಮೇಡಂ ದೂರದ ಶಹರದವರು, ಒಳ್ಳೆಯವರು. ಸ್ಥಳೀಯರೊಡನೆ ಮಾತಾಡುವಾಗ ಕಣ್ಣಲ್ಲಿ ಕಣ್ಣಿಡಬೇಕು, ತುಸು ಮುಂದೆ ಬಾಗಬೇಕು, ಪ್ರಶ್ನೆ ಕೇಳಿ ಸುಮ್ಮನಿರಬೇಕು ಎಂದು ಕಲಿಸಿದರು. ಈ ಸ್ಥಳೀಯರು ಯಾರಪ್ಪಾ ಎಂದು ನೋಡಿದರೆ, ನಾವೇ! ಕೊನೆಯ ಪರೀಕ್ಷೆ ಎಂದರೆ ನಿಮ್ಮ ಸಮುದಾಯದ ಹಿರಿಯರೊಬ್ಬರ ಆರೋಗ್ಯ ವಿಚಾರಿಸುವ ವಿಡಿಯೋ ಮಾಡಿ ಕಳಿಸುವುದು. ಅವರು ಅದರಲ್ಲಿ ಮನಸ್ಸು ಬಿಚ್ಚಿ ಮಾತಾಡಿರಬೇಕು. ವಿಡಿಯೋ ಇಲ್ಲದಿದ್ದರೆ ಸರ್ಟಿಫಿಕೇಟಿಲ್ಲ.

ನನಗೆ ಕೂಡಲೇ ನೆನಪಾದವಳು ಶಲವಡಿಯ ಚಿಗವ್ವ, ನನ್ನ ಅವ್ವನ ತಂಗಿ. ಮಾತಿಗೆ ಬರವಿಲ್ಲದವಳು. ಭಾನುವಾರ ಬಸ್ಸು ಹತ್ತಿ ಹೋದೆ. ಅವಳ ಸೊಸೆ ವಿಡಿಯೋದ ಸುದ್ದಿ ಮೊದಲೇ ಮುಟ್ಟಿಸಿದ್ದರಿಂದ ಚಿಗವ್ವ ಇಳಕಲ್ ಸೀರೆಯುಟ್ಟು, ಮುಖಕ್ಕೆ ಪೌಡರು ಹಚ್ಚಿ ಕಟ್ಟೆಯ ಮೇಲೆ ಸಿದ್ಧಳಾಗಿ ಕುಳಿತಿದ್ದಳು. ಮೊಬೈಲನ್ನು ಕೊಡಕ್ಕೆ ಆನಿಸಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದೆ. ಆರಾಮ ಅಂದಳು. ತಿರುಗಿ ನನ್ನ ಆರಾಮ ಕೇಳಿದಳು, ನನ್ನ ಗಂಡನದು ಕೇಳಿದಳು, ಮಕ್ಕಳದು ಕೇಳಿದಳು, ನಾವು ಎಂದೋ ಮಾರಿದ ಎಮ್ಮೆಯದನ್ನೂ ಬಿಡಲಿಲ್ಲ. ಮತ್ತೆ ಶುರು ಮಾಡಿ ಮುಂದೆ ಬಾಗಿದೆ. ಸೊಂಟ ಹಿಡಿದಿದೆಯೇನು ಎಂದಳು. ಇನ್ನೊಮ್ಮೆ ಪ್ರಶ್ನೆ ಕೇಳಿ, ಪಾಠದಲ್ಲಿ ಹೇಳಿದಂತೆ ಸುಮ್ಮನಾದೆ. ಚಿಗವ್ವ ನನ್ನನ್ನೂ ಮೊಬೈಲನ್ನೂ ನೋಡಿ, "ಯಾಕ ಸುಮ್ನಾದಿ? ನೆಟ್‌ವರ್ಕ್ ಹೋತೇನು?" ಅಂದಳು. ನಡುನಡುವೆ ನಾನು ತಂಬಿಗೆ ಎತ್ತಿ ಗಟಗಟ ನೀರು ಕುಡಿಯುತ್ತಿದ್ದೆ. ಪರೀಕ್ಷೆಯ ಅಂಜಿಕೆ, ಮತ್ತೇನು. ಅಷ್ಟರಲ್ಲಿ ಬ್ಯಾಟರಿ ಮುಗಿದು ಮೊಬೈಲು ಕಪ್ಪಾಯಿತು. ಊರಲ್ಲಿ ಕರೆಂಟೂ ಇರಲಿಲ್ಲ, ವಿಡಿಯೋ ಕಳಿಸಲು ಅದೇ ಕೊನೆಯ ದಿನ. ನೌಕರಿ ಹೋಯಿತೆಂದೇ ತಿಳಿದು ಸಿಟ್ಟು ನೆತ್ತಿಗೇರಿತು; ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಕೈ ಸುಮ್ಮನಿರದೆ ಬಾಜು ಇದ್ದ ಮೊರ ಎಳೆದುಕೊಂಡು ಜೋಳದಲ್ಲಿನ ಹರಳು ಆರಿಸತೊಡಗಿದೆ. ಚಿಗವ್ವನೂ ಸರಿದು ಬಂದು ಕೈ ಹಚ್ಚಿದಳು. ಆ ಜೋಳದ ಧೂಳು ಮೂಗಿಗೆ ಬಡಿದದ್ದೇ ತಡ, ನಾನು ಲಂಗದ ಹುಡುಗಿಯಾಗಿಬಿಟ್ಟೆ. ಇದೇ ಕಟ್ಟೆಯ ಮೇಲೆ ಮಧ್ಯಾಹ್ನದ ಹೊತ್ತು ಅವ್ವ, ಚಿಗವ್ವ, ಹಿಂದಿನ ಮನೆಯ ಮಾಬೂಬಿ ಕಾಕಿ ಮೊರದ ಸುತ್ತ ಕೂಡುತ್ತಿದ್ದರು. ಮೊದಲು ಎಲ್ಲರೂ ಆರಾಮ. ಆಮೇಲೆ ಯಾರ ಮನೆಯಲ್ಲಿ ಏನು ಪಲ್ಯ. ಆ ಪಲ್ಯ ಯಾಕೆ ಸೇರಲಿಲ್ಲ ಎಂಬಲ್ಲಿಂದ ಹೊಟ್ಟೆನೋವು, ಹೊಟ್ಟೆನೋವಿನಿಂದ ತಪ್ಪಿದ ಮುಟ್ಟು, ಅಲ್ಲಿಂದ ಗಂಡನ ಮೇಲಿನ ಸಿಟ್ಟು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ; ಕಣ್ಣೆಲ್ಲ ಜೋಳದ ಮೇಲೆ. ಮಾಬೂಬಿ ಕಾಕಿ ಹರಳು ಒಗೆಯುವ ರಭಸದಲ್ಲೇ ಅವಳ ದುಃಖ ಎಷ್ಟೆಂದು ಅವ್ವನಿಗೆ ತಿಳಿಯುತ್ತಿತ್ತು. ಜೋಳ ಹಸನಾಗುವ ಹೊತ್ತಿಗೆ ಓಣಿಯ ಬೇನೆಯೆಲ್ಲ ಕಟ್ಟೆಯ ಮೇಲೆ ಬಂದಿರುತ್ತಿತ್ತು. ಅವ್ವ, ಕಾಕಿ ಇಬ್ಬರೂ ಈಗಿಲ್ಲ. ಜೋಳವೂ ಮಷೀನಿನಲ್ಲಿ ಹಸನಾಗಿಯೇ ಬರುತ್ತದೆ, ಚಿಗವ್ವ ಮಾತ್ರ ಅದನ್ನು ನಂಬುವುದಿಲ್ಲ.

ರಾತ್ರಿ ಊಟಕ್ಕೆ ಏನಿತ್ತು ಎಂದು ಮೊರ ನೋಡುತ್ತಲೇ ಕೇಳಿದೆ. ಬದನೆಕಾಯಿ ಪಲ್ಯ ಇತ್ತು, ಅರ್ಧ ರೊಟ್ಟಿ ಉಂಡೆ ಎಂದಳು. ಯಾಕೆ ಎನ್ನಲಿಲ್ಲ. ಒಂದು ಹರಳು ಒಗೆದೆ.

"ಆ ಮೊಬೈಲ್ ಡಬ್ಬಿ ಬಂದ್ ಆತಲ್ಲ, ಹೇಳ್ತೇನಿ ಕೇಳ," ಅಂದಳು. "ಹೊಟ್ಟಿ ತುಂಬ ಉಂಡು ಮಲಕೊಂಡ್ರ ಉಸರು ಸಿಗೂದಿಲ್ಲವಾ. ಗ್ವಾಡಿಗೆ ಆನಿಕೊಂಡು ಕುಂತ ನಿದ್ದಿ ಮಾಡ್ತೇನಿ. ಸೊಸಿಗೆ ಹೇಳಬ್ಯಾಡ, ಅಂಜತಾಳ."

ಆಗ ಅವಳ ಕಾಲು ನೋಡಿದೆ. ಸೀರೆಯ ಅಂಚಿನ ಕೆಳಗೆ ಪಾದಗಳು ಬಾತಿದ್ದವು. ಇಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ಕುಳಿತಿದ್ದ ನನಗೆ ಅದು ಕಂಡೇ ಇರಲಿಲ್ಲ. ಸೊಸೆಗೆ ಹೇಳಿಯೇಬಿಟ್ಟೆ. ಚಿಗವ್ವನ ಮಗ ಗಾಡಿ ತಂದ. ಹುಬ್ಬಳ್ಳಿಯ ಡಾಕ್ಟರು ಹೃದಯ ದಣಿದಿದೆ, ಇನ್ನಷ್ಟು ತಡ ಮಾಡಿದ್ದರೆ ಕಷ್ಟವಿತ್ತು ಎಂದು ಹೇಳಿ ಔಷಧ ಕೊಟ್ಟರು.

ಈಗ ಚಿಗವ್ವ ಮಲಗಿಯೇ ನಿದ್ದೆ ಮಾಡುತ್ತಾಳೆ. ಮೊನ್ನೆ ತಪಾಸಣೆ ಮುಗಿಸಿ ನಮ್ಮ ಮನೆಯಲ್ಲಿ ಉಳಿದವಳು, ಸುಮ್ಮನೆ ಕೂರಲಾರದೆ ನಮ್ಮ ಜೋಳವನ್ನೂ ಮೊರಕ್ಕೆ ಸುರಿದುಕೊಂಡಿದ್ದಳು. ಆಗಲೇ ಕೋರ್ಸಿನ ಮೇಡಂ ವಿಡಿಯೋ ಕರೆ ಮಾಡಿದರು. ನಡೆದದ್ದೆಲ್ಲ ಹೇಳಿದೆ. ವಿಡಿಯೋ ಇಲ್ಲದೆ ಪಾಸು ಹೇಗೆ ಮಾಡಲಿ ಎಂದು ಪಾಪ ಪೇಚಾಡಿ, ಇನ್ನೊಂದು ತಿಂಗಳ ಗಡುವು ಕೊಟ್ಟರು. ಕೊನೆಗೆ, ನೀವು ಬಹಳ ಸೊರಗಿದಂತೆ ಕಾಣುತ್ತೀರಲ್ಲ, ಆರೋಗ್ಯವಾಗಿದ್ದೀರಾ ಎಂದು ಕಣ್ಣಲ್ಲಿ ಕಣ್ಣಿಟ್ಟು, ತುಸು ಮುಂದೆ ಬಾಗಿ ಕೇಳಿ, ಸುಮ್ಮನಾದರು.

"ಆರಾಮ್ರಿ ಮೇಡಂ. ನೀವು ಆರಾಮ?" ಅಂದೆ.

ಕರೆ ಮುಗಿಸಿ ತಂಬಿಗೆಗೆ ಕೈ ಹಾಕಿದೆ. ಬೆಳಗಿನಿಂದ ಅದು ಎಷ್ಟನೆಯ ಸಲವೋ. ಊರಿನವರಿಗೆಲ್ಲ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡುವವಳು ನಾನು. ನನ್ನ ಬೆರಳಿಗೆ ಸೂಜಿ ಚುಚ್ಚಿಕೊಂಡು ಯಾವ ಕಾಲವಾಯಿತೋ. ಚಿಗವ್ವ ತಂಬಿಗೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಮೊರವನ್ನು ನನ್ನ ಮುಂದಕ್ಕೆ ತಳ್ಳಿದಳು.

"ಡಬ್ಬಿ ಬಂದ್ ಆತಲ್ಲ. ತಗೋ, ಆರ್ಸು."