ಬಲಗಡೆಯ ಮಾವ

ಹಳೆಯ ಕಾರು ಸಾಕಿದವನ ಜೀವನದಲ್ಲಿ ಬೇಸರಕ್ಕೆ ಜಾಗವಿರುವುದಿಲ್ಲ. ಡಿಕ್ಕಿಯಲ್ಲೂ ಇರುವುದಿಲ್ಲ, ಅಲ್ಲಿ ಬಿಚ್ಚಿದ ಸಾಮಾನುಗಳಿರುತ್ತವೆ.

ನೇಮಕ

ನಮ್ಮ ಕಾರಿನ ಹಿಂದಿನ ಎಡ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ, ಕಾರು ಆ ಕಡೆಗೇ ವಾಲತೊಡಗಿತು. ಸಿಂಧನೂರಿನ ಮೆಕ್ಯಾನಿಕ್ ಒತ್ತಿ ನೋಡಿದ. ಒತ್ತಿದ್ದು ಮೇಲೇಳಲಿಲ್ಲ.

"ಸ್ಪ್ರಿಂಗೂ ಸುಸ್ತಾಗೇತ್ರಿ ಸರ್. ಸಾಮಾನು ಹೈದರಾಬಾದಿಂದ ಬರಬೇಕು. ಅಲ್ಲೀತನ ಬಲಗಡೆ ಯಾರ್ನರ ದಪ್ಪನ್ನವರ್ನ ಕುಂದರಸ್ರಿ."

ತುರ್ವಿಹಾಳದಲ್ಲಿ ನನ್ನ ಹೆಂಡತಿಯ ದಪ್ಪನೆಯ ಸೋದರಮಾವ ಇದ್ದರು. ಅಲ್ಲಿಯವರೆಗೆ ಅವರನ್ನು ಯಾರೂ ಎಲ್ಲಿಗೂ ಕರೆಯುತ್ತಿರಲಿಲ್ಲ. ಈಗ ಗೃಹಪ್ರವೇಶ, ತೊಟ್ಟಿಲು, ಗುರುತಿಲ್ಲದವರ ತಿಥಿ, ಎಲ್ಲದಕ್ಕೂ ಮೊದಲ ಕರೆ ಅವರಿಗೇ. ಮಾವ ಎರಡು ಹೊಸ ಅಂಗಿ ಹೊಲಿಸಿದರು.

ಪ್ರತಿಸ್ಪರ್ಧಿ

ಮಸ್ಕಿಯಲ್ಲಿ ಒಮ್ಮೆ ಮಾವ ಮಿರ್ಚಿ ಬಜ್ಜಿ ತಿನ್ನಲು ಇಳಿದರು. ಕಾರು ವಾಲಿತೆಂದು ಹೆಂಡತಿ ಅವರ ಸೀಟಿಗೆ ಅಕ್ಕಿ ಚೀಲ ಸರಿಸಿದಳು. ಮಾವ ಬಂದು ನೋಡಿ ಕೆಂಡವಾದರು.

"ನನ್ನ ಜಾಗಕ್ಕ ಚೀಲ ಇಟ್ಟೀಯೇನ ಯವ್ವಾ? ಇದು ಹಾದಿ ತೋರಸ್ತೈತೇನು?"

ಮಾವನೂ ತೋರಿಸುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದರು. ಚೀಲವೂ ಅದನ್ನೇ ಮಾಡುತ್ತಿತ್ತು, ಗೊರಕೆಯಿಲ್ಲದೆ.

ದುರಸ್ತಿ

ಕೊನೆಗೆ ಸಾಮಾನು ಬಂತು. ಮರುದಿನವೇ ಅಕ್ಕನ ಮಗನಿಗೆ ಹೆಣ್ಣು ನೋಡಲು ಲಿಂಗಸುಗೂರಿಗೆ ಹೋಗುವುದಿತ್ತು. ಸುದ್ದಿ ತಿಳಿದ ಮಾವ ಗ್ಯಾರೇಜಿಗೆ ಬಂದು, ದವಾಖಾನೆಯಲ್ಲಿ ಕೇಳುವ ದನಿಯಲ್ಲಿ ಕೇಳಿದರು:

"ಹಳೇದಕ್ಕ ಎಣ್ಣಿ ಹಾಕಿದ್ರ ನಡ್ಯಾಂಗಿಲ್ಲೇನಪಾ?"

"ಇಲ್ರೀ ಯಜಮಾನ್ರ. ಸರ್, ಇನ್ನೊಂದ ತರಸಿ ಎರಡೂ ಕಡೆ ಬದಲಿ ಮಾಡಸ್ರಿ," ಎಂದ ಮೆಕ್ಯಾನಿಕ್.

"ಕೆಟ್ಟಿದ್ದು ಒಂದ ಅಲ್ಲ? ಅದನ್ನಷ್ಟ ಹಾಕು," ಎಂದೆ. ಮಾವ ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದರು.

ಬೆಳಿಗ್ಗೆ ಹೋಗಿ ನೋಡಿದರೆ, ಎಡಗಡೆ ಎದೆಯುಬ್ಬಿಸಿ ನಿಂತಿತ್ತು. ಕಾರು ಬಲಕ್ಕೆ ವಾಲಿತ್ತು.

"ಇಷ್ಟ ದಿವಸ ನಿಮ್ಮ ಮಾವಾರು ಅಲ್ಲೇ ಕುಂತಾರಲ್ರಿ," ಎಂದ ಮೆಕ್ಯಾನಿಕ್. "ಈಗ ಆ ಕಡೀದೂ ಹೋತು."

ಬಲಗಡೆಯ ಸಾಮಾನೂ ಹೈದರಾಬಾದಿನಿಂದಲೇ ಬರಬೇಕಿತ್ತು. ನಾನು ಮಾವನಿಗೆ ಫೋನ್ ಮಾಡಿದೆ.

"ನಾ ಬರೂದಿಲ್ರಿ. ನನಗ ಕೆಲಸ ಐತಿ," ಎಂದರು. ಆಮೇಲೆ ಮೆಲ್ಲಗೆ, "ಯಾವ ಕಡೆ ಕುಂದರಬೇಕು?"

"ಎಡಕ್ಕ, ಮಾವಾರ."

"ಬರ್ತೀನಿ. ಆದ್ರ ಮೊದಲ ಮಾತು ಕೊಡ್ರಿ. ನಾ ಕುಂತು ಎಡಗಡೀದು ಕೆಡೂತನ, ಬಲಗಡೀದು ರಿಪೇರಿ ಮಾಡಸಬಾರದು."