ಶೀನ ಮಾವ ಉಜ್ಜಿದ ಸೈಕಲ್ಲು

ಹೌದು, ಹಚ್ಚಿಸಿದ್ದು ನಾನೇ. ಯಾರೂ ನನಗೆ ಮಂಕುಬೂದಿ ಎರಚಿರಲಿಲ್ಲ. ನಲವತ್ತೆಂಟು ತುಂಬಿದ ಹೈಸ್ಕೂಲು ಟೀಚರು ಯಾವ ಬಣ್ಣದ ಸೀರೆ ಉಡಬೇಕು, ಮದುವೆಮನೆಯಲ್ಲಿ ಎಷ್ಟು ಜೋರಾಗಿ ನಗಬೇಕು, ಬಸ್ಸಿನಲ್ಲಿ ಯಾರ ಪಕ್ಕ ಕೂರಬೇಕು ಎಂಬುದನ್ನೆಲ್ಲ ಊರು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ. ಆದರೆ ಅವಳ ಸೈಕಲ್ಲು ಯಾವ ಬಣ್ಣದ್ದಿರಬೇಕೆಂದು ಮಾತ್ರ ಯಾರೂ ತೀರ್ಮಾನಿಸಿರಲಿಲ್ಲ. ಅವಳು ಸೈಕಲ್ಲು ಹತ್ತುತ್ತಾಳೆಂದು ಯಾರಿಗೂ ಹೊಳೆದೇ ಇರಲಿಲ್ಲವಲ್ಲ! ಆ ಒಂದು ಸಂದಿ ನನಗೆ ಸಿಕ್ಕಿತು, ನುಗ್ಗಿದೆ. ಮರವಂತೆಯ ಹೆದ್ದಾರಿಯಲ್ಲಿ, ಕಡಲಿಗೂ ಹೊಳೆಗೂ ನಡುವೆ, ಬೆಳಿಗ್ಗೆ ಆರು ಗಂಟೆಗೆ ಕಿತ್ತಳೆ ಬಣ್ಣದ್ದು ಏನೋ ಒಂದು ಓಡುವುದನ್ನು ಕಂಡೆವೆಂದು ಯಾರಾದರೂ ಹೇಳಿದರೆ, ಅದು ನಾನು. ಏನೀಗ?

ಹುಚ್ಚು ಶುರುವಾದದ್ದು ಬ್ರಹ್ಮಾವರದ ಕಡೆಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ಅಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹೊಸದಾಗಿ ಬಂದ ಆಟದ ಮೇಷ್ಟ್ರು ಒಂದು ದಿನ ಟ್ರಯಥ್ಲಾನ್ ಎಂಬ ಸ್ಪರ್ಧೆಯ ವಿಚಾರ ತೆಗೆದರು. ಮೊದಲು ಈಜಬೇಕು, ಮೈ ಒರೆಸಿಕೊಳ್ಳಲೂ ಬಿಡುವಿಲ್ಲದೆ ಸೈಕಲ್ಲು ತುಳಿಯಬೇಕು, ಸೈಕಲ್ಲಿನಿಂದ ಇಳಿದದ್ದೇ ಓಡಬೇಕು. ಎಲ್ಲರೂ ಅಯ್ಯಯ್ಯೋ ಅಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವಳು ನಾನು, ನಡೆಯುವುದಕ್ಕೂ ಈಜುವುದಕ್ಕೂ ಸರಿಸುಮಾರು ಒಟ್ಟಿಗೇ ಕಲಿತದ್ದು. ಇನ್ನು ಓಟ. ಇಪ್ಪತ್ತು ವರ್ಷದಿಂದ ಕೈಯಲ್ಲಿ ಬುತ್ತಿ, ಹೆಗಲಲ್ಲಿ ಉತ್ತರಪತ್ರಿಕೆಯ ಕಟ್ಟು ಹೊತ್ತುಕೊಂಡು ಖಾಸಗಿ ಬಸ್ಸಿನ ಹಿಂದೆ ಓಡಿದವಳಿಗೆ ಓಡಲು ಬರುತ್ತದೆಯೇ ಎಂದು ಯಾರು ಕೇಳಬೇಕು? ಕೊರತೆ ಇದ್ದದ್ದು ಸೈಕಲ್ಲಿನದು ಮಾತ್ರ. "ನಾನು ಹೆಸರು ಕೊಡುತ್ತೇನೆ" ಅಂದೆ. ಆಟದ ಮೇಷ್ಟ್ರು ನಕ್ಕರು. ಅವರು ನಗದೆ ಇದ್ದಿದ್ದರೆ ನಾನು ಮರುದಿನ ಮರೆತುಬಿಡುತ್ತಿದ್ದೆನೇನೋ. ನಕ್ಕರಲ್ಲ, ಆವತ್ತೇ ಹೆಸರು ಕೊಟ್ಟು ಬಂದೆ.

ಸೈಕಲ್ಲು ಮುಂಬಯಿಯಿಂದ ಬಂತು. ಅಲ್ಲಿ ಹೋಟೆಲು ನಡೆಸುವ ನನ್ನ ಅಣ್ಣಯ್ಯನಿಗೆ ಸಕ್ಕರೆ ಕಾಯಿಲೆ ಹತ್ತಿದಾಗ ಡಾಕ್ಟರು ಸೈಕಲ್ಲು ತುಳಿಯಿರಿ ಎಂದಿದ್ದರಂತೆ. ನಮ್ಮಣ್ಣಯ್ಯ ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ. ಹಾಲಿನವನ ಸೈಕಲ್ಲು ಸಾಕಾಗುವಲ್ಲಿ ಟ್ರಯಥ್ಲಾನಿನ ಸೈಕಲ್ಲನ್ನೇ ತಂದ. ಅದರ ಮೇಲೆ ಕೂರುವ ರೀತಿಯೇ ಬೇರೆ: ಸೊಂಟ ಮೇಲೆ, ತಲೆ ಕೆಳಗೆ, ಎರಡು ಮೊಣಕೈ ಮುಂದಿನ ಕೊಂಬುಗಳ ಮೇಲೆ. ನೆಲ ಒರೆಸುವ ಭಂಗಿ ಅನ್ನಿ. ಹುಟ್ಟಿದಾಗಿನಿಂದ ನೆಲ ಒರೆಸಿ ಗೊತ್ತಿಲ್ಲದ ಅಣ್ಣಯ್ಯನಿಗೆ ಎರಡೇ ವಾರದಲ್ಲಿ ಬೆನ್ನು ಹಿಡಿಯಿತು. ನಾನು ಕೇಳಿದ್ದೇ ತಡ, ಲಾರಿಯಲ್ಲಿ ಹಾಕಿ ಕಳಿಸಿದ. ಜೊತೆಗೊಂದು ಫೋನು: "ಸುಗ್ಣ, ತುಳಿ, ಆದ್ರೆ ಒಂದ್ ಗೀರ್ ಆಪ್ಕಾಗ. ನಾ ಕೇಳ್ದಾಗ ಹ್ಯಾಂಗಿತ್ತೋ ಹಾಂಗೇ ವಾಪಸ್ ಕೊಡ್ಕ್." ಆಯ್ತು ಅಂದೆ. ಅಣ್ಣಯ್ಯನಿಗೆ ಆಯ್ತು ಅನ್ನುವುದು ನನಗೆ ಚಿಕ್ಕಂದಿನಿಂದ ರೂಢಿ.

ತೊಂದರೆ ಏನೆಂದರೆ, ಆ ಸೈಕಲ್ಲು ಮಂಕು ಕಪ್ಪು. ಮುಂಬಯಿಯಲ್ಲಿ ಅದು ಚೆಂದವಂತೆ. ನಮ್ಮಲ್ಲಿ ಮಳೆಗಾಲದ ಬೆಳಗಿನ ಜಾವ ಹೆದ್ದಾರಿಯೂ ಕಪ್ಪು, ಆಕಾಶವೂ ಕಪ್ಪು, ನಡುವೆ ಕಪ್ಪು ಸೈಕಲ್ಲಿನ ಮೇಲೆ ಬಗ್ಗಿ ಕುಳಿತ ನಾನು. ಬೈಂದೂರಿನಿಂದ ಬರುವ ಮೊದಲ ಬಸ್ಸು ಮೊಣಕೈ ಸವರಿಕೊಂಡೇ ಹೋಯಿತು. ಮುಂದೆ ಹೋಗಿ ನಿಂತ ಬಸ್ಸಿನಿಂದ ಡ್ರೈವರು ತಲೆ ಹೊರಹಾಕಿ, "ಹ್ವಾಯ್, ಎಂತ ಮರ್ರೆ, ಜೀವ ಬ್ಯಾಡ್ದಾ? ನೀವ್ ಇಪ್ದೇ ಕಾಣ್ತಿಲ್ಲ!" ಎಂದು ಕೂಗಿದ. ಆ ಮಾತು ತಲೆಯಲ್ಲಿ ಉಳಿಯಿತು. ನಾನು ಇರುವುದೇ ಕಾಣುವುದಿಲ್ಲವಂತೆ! ಸರಿ, ಕಾಣುವ ಹಾಗೆ ಮಾಡೋಣ ಎಂದು ಆವತ್ತೇ ನಿಶ್ಚಯಿಸಿದೆ.

ಅಣ್ಣಯ್ಯನಿಗೆ ಆಯ್ತು ಅಂದಿದ್ದೇನೆ, ಬಣ್ಣವೂ ಬೇಕು. ಎರಡೂ ಹೇಗೆ ಎಂದು ಹುಡುಕುತ್ತ ಹೋದಾಗ ಒಂದು ಅದ್ಭುತ ಸಿಕ್ಕಿತು. ಡಬ್ಬದಿಂದ ಸ್ಪ್ರೇ ಮಾಡುವ ಬಣ್ಣ, ರಬ್ಬರಿನ ಪದರದಂತೆ ಕೂರುತ್ತದೆ, ಬೇಡವೆನಿಸಿದ ದಿನ ತುದಿ ಹಿಡಿದು ಎಳೆದರೆ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಕೆಳಗಿನ ಬಣ್ಣ ಇದ್ದ ಹಾಗೇ ಇರುತ್ತದೆ. ಇಂಥದ್ದೊಂದು ಸೌಕರ್ಯ ಜೀವನದ ಬೇರೆ ವಿಷಯಗಳಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸ್ವಲ್ಪ ಹೊತ್ತು ಯೋಚಿಸುತ್ತ ಕುಳಿತೆ. ಕಿತ್ತಳೆ ಬಣ್ಣದ ನಾಲ್ಕು ಡಬ್ಬ ತರಿಸಿದೆ. ತಲ್ಲೂರಿನಲ್ಲಿ ಪೈಂಟು ಅಂಗಡಿ ಇಟ್ಟಿರುವ ನಮ್ಮನೆಯವರು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಪ್ಪತ್ತೈದ್ ವರ್ಷ ಬಣ್ಣ ಮಾರಿದೆ. ಬಿಡ್ತ್ ಅಂದೇಳಿ ಬಣ್ಣ ತಕಂಬರನ್ನ ಈಗ್ಳೇ ಕಂಡದ್ದ್" ಅಂದರು. ಕಿತ್ತು ಬರುತ್ತದೆಂದೇ ಒಬ್ಬರು ಬಣ್ಣ ಕೊಳ್ಳುವುದು ಅವರ ಮಟ್ಟಿಗೆ ವ್ಯಾಪಾರಕ್ಕೇ ಆದ ಅವಮಾನ. ಆಮೇಲೆ ದನಿ ತಗ್ಗಿಸಿ, "ಕಿತ್ತಳೆಯೇ ಆಯ್ಕಾ? ಬೂದಿ ಬಣ್ಣ ಸಿಕ್ಕಿಲ್ಯಾ? ಜನ ಎಂತ ಹೇಳ್ತ್ರ್?" ಎಂದು ಕೇಳಿದರು. "ಜನ ಏನು ಬೇಕಾದರೂ ಹೇಳಲಿ. ಜನರಿಗೆ ಹೆದರಿ ಬದುಕುವವಳಲ್ಲ ನಾನು" ಅಂದೆ. ಹೇಳುವಾಗ ಒಳ್ಳೆ ಖುಷಿಯಾಗಿತ್ತು, ಅದಕ್ಕೇ ಇನ್ನೊಂದು ಸಲ ಹೇಳಿದೆ.

ಸ್ಪ್ರೇ ಮಾಡುವ ಕೈ ನನಗಿಲ್ಲ. ಅಡುಗೆಮನೆಯ ಕಿಟಕಿಗೆ ಒಂದು ಸಲ ನಾನು ಬಣ್ಣ ಹೊಡೆದದ್ದರ ಗುರುತು ಬೆಕ್ಕಿನ ಬಾಲದಲ್ಲಿ ಮೂರು ತಿಂಗಳು ಇತ್ತು. ಹಾಗಾಗಿ ಸೈಕಲ್ಲನ್ನು ಶೀನ ಮಾವನ ಹತ್ತಿರ ಒಯ್ದೆ. ಅಮ್ಮನ ತಮ್ಮ ಅವರು, ಅರವತ್ತೈದು ದಾಟಿದೆ. ಮಳೆಗಾಲದಲ್ಲಿ ದೋಣಿಗಳನ್ನೆಲ್ಲ ದಡಕ್ಕೆಳೆದು ಮುಚ್ಚಿಡುತ್ತಾರಲ್ಲ, ಆಗ ಅವಕ್ಕೆ ಬಣ್ಣ ಹಚ್ಚಿ ಹೆಸರು ಬರೆಯುವುದು ಅವರ ಕಸುಬು. ಮರವಂತೆಯಿಂದ ಗಂಗೊಳ್ಳಿಯವರೆಗೆ ಅವರ ಕೈ ಬೀಳದ ದೋಣಿ ಕಡಿಮೆ. ಡಬ್ಬದ ಮೇಲಿನ ಇಂಗ್ಲಿಷು ಸೂಚನೆಗಳನ್ನೆಲ್ಲ ನಾನು ಕೂತು ಕನ್ನಡಕ್ಕೆ ಮಾಡಿ, ದೊಡ್ಡ ಅಕ್ಷರದಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿದೆ. ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು, ಉಜ್ಜಲೇಬಾರದು, ಒಂದರ ಮೇಲೊಂದು ಆರು ಕೋಟು ದಪ್ಪಗೆ ಹೊಡೆಯಬೇಕು. ಡಬ್ಬಗಳು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಹಾಗೇ ಅವರ ಚಪ್ಪರದಲ್ಲಿಟ್ಟು ನಿಶ್ಚಿಂತೆಯಿಂದ ಶಾಲೆಗೆ ಹೋದೆ. ಉಜ್ಜಲೇಬಾರದು ಎಂಬುದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಮೇಷ್ಟ್ರುಗಳಿಗೆ ಇದೊಂದು ಭ್ರಮೆ, ಗೆರೆ ಎಳೆದರೆ ಸಾಕು, ಓದಿದವರು ಹಾಗೇ ನಡೆಯುತ್ತಾರೆ ಅಂತ.

ನಾಲ್ಕನೆಯ ದಿನ ಹೋಗಿ ನೋಡಿದರೆ ಸೈಕಲ್ಲು ಚಪ್ಪರದ ಕೆಳಗೆ ಉರಿಯುತ್ತಿತ್ತು. ಎಂಥಾ ಕಿತ್ತಳೆ! ಕಣ್ಣಿಗೆ ಹಬ್ಬ. ಆದರೆ ಅಷ್ಟೇ ಅಲ್ಲ. ಈ ಸೈಕಲ್ಲಿನ ಚೌಕಟ್ಟು ಗಾಳಿ ಸೀಳಲೆಂದು ಅಗಲವಾಗಿ ಹಲಗೆಯ ಹಾಗಿರುತ್ತದೆ. ಅದರ ಎರಡೂ ಪಕ್ಕ, ದೋಣಿಯ ಮೇಲೆ ಬರೆಯುವ ಅದೇ ಗುಂಡು ಗುಂಡಾದ ಬಿಳಿ ಅಕ್ಷರಗಳಲ್ಲಿ, ಹಿಂದೆ ಕಪ್ಪು ನೆರಳು ಕೊಟ್ಟು, "ಸುಗುಣ ಟೀಚರ್" ಎಂದು ಬರೆದಿತ್ತು. "ಮಾವ, ಹೆಸರು ಬರೆಯಲು ಹೇಳಿದವರು ಯಾರು?" ಎಂದೆ. ಮಾವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹೆಸ್ರಿಲ್ದೆ ಹೊರ್ಗ್ ಬಿಡೂದಾ? ನನ್ನ್ ಕೈಯಿಂದ ಹೆಸ್ರಿಲ್ದೆ ಒಂದ್ ದೋಣಿ ಹೋಯಿಲ್ಲ ಹೆಣೆ." ನಲವತ್ತೆಂಟಾದರೂ ಅವರಿಗೆ ನಾನಿನ್ನೂ ಹೆಣೆ, ಅಂದರೆ ಹುಡುಗಿ.

ಸರಿ, ಹೇಗೂ ಸುಲಿಯುವ ಬಣ್ಣ, ಹೆಸರೂ ಅದರ ಜೊತೆಗೇ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಒಂದು ಮೂಲೆಯಲ್ಲಿ ಉಗುರು ಹಾಕಿ ನೋಡಿದೆ. ಏಳಲಿಲ್ಲ. ಇನ್ನೊಂದು ಮೂಲೆ. ಉಗುರು ಮುರಿಯಿತು. ಆಗ ಚಪ್ಪರದ ನೆಲದಲ್ಲಿ ಬಿದ್ದ ಉಪ್ಪು ಕಾಗದದ ತುಂಡುಗಳು ಕಣ್ಣಿಗೆ ಬಿದ್ದವು.

"ಮಾವ, ಉಜ್ಜಿದ್ರ್ಯಾ?"

"ಉಜ್ದೆ ಹಚ್ಚೂಕಾತ್ತಾ? ಎರಡ್ ದಿನ ಲಾಯ್ಕ್ ಮಾಡಿ ಉಜ್ಜಿದ್ದೆ."

"ಉಜ್ಜಬಾರದು ಅಂತ ಅಷ್ಟು ದೊಡ್ಡದಾಗಿ ಬರೆದಿದ್ದೆನಲ್ಲ!"

"ಓದ್ದೆ. ಅದನ್ನ್ ಬರ್ದವ ಯಾವತ್ತಾರೂ ಕಡ್ಲಿಗ್ ಹೋಯಿದ್ನಾ? ಉಜ್ದೆ ಹಚ್ರೆ ಎರಡ್ ಮಳಿಗೆ ಕಿತ್ಕಂಡ್ ಬತ್ತ್."

"ಕಿತ್ತುಕೊಂಡು ಬರಲಿ ಅಂತಲೇ ತರಿಸಿದ್ದು ಮಾವ!"

ಶೀನ ಮಾವ ನನ್ನ ಮುಖವನ್ನು ಕನಿಕರದಿಂದ ನೋಡಿದರು. "ಕಿತ್ಕಂಡ್ ಬಪ್ಪು ಬಣ್ಣವಾ? ಅದ್ ಬಣ್ಣ ಅಲ್ಲ ಹೆಣೆ, ಚರ್ಮದ್ ಕಾಯ್ಲೆ. ನಾ ಹಚ್ದ್ ಬಣ್ಣ ಕಿತ್ ಬಂತ್ ಅಂದೇಳಿ ಯಾರೂ ಹೇಳುಕಾಗ." ಆರು ಕೋಟಿನ ಬದಲು ತೆಳ್ಳಗೆ ಎರಡೇ ಕೋಟು ಹೊಡೆದಿದ್ದರು. ದಪ್ಪ ಹಚ್ಚುವುದು ಕಲಿಯುವವರ ಕೆಲಸವಂತೆ. ಒರಟು ಮಾಡಿದ ಮೈಗೆ ತೆಳ್ಳಗೆ ಕಚ್ಚಿಕೊಂಡ ಆ ರಬ್ಬರು ಇನ್ನು ಜನ್ಮದಲ್ಲಿ ಏಳುವಂತಿರಲಿಲ್ಲ. ಬಯ್ಯಬೇಕೆಂದು ಬಾಯಿ ತೆರೆದೆ. ಎರಡು ದಿನ ಬಗ್ಗಿ ಕೂತು ಉಜ್ಜಿದ ಆ ಕೈಗಳನ್ನು ನೋಡಿ ಬಾಯಿ ಮುಚ್ಚಿದೆ.

ಇಷ್ಟರಲ್ಲಿ ಅಣ್ಣಯ್ಯನ ಫೋನು ಬರಬೇಕೆ? ಶುಕ್ರವಾರ ಊರಿಗೆ ಬರುತ್ತಾನಂತೆ. ಮುಂಬಯಿಯಲ್ಲಿ ಸೈಕಲ್ಲು ಕೊಳ್ಳುವವರೊಬ್ಬರು ಸಿಕ್ಕಿದ್ದಾರಂತೆ, ಹೋಗುವಾಗ ಒಯ್ಯುತ್ತಾನಂತೆ. ಸ್ಪರ್ಧೆಗೆ ಇನ್ನು ಆರು ವಾರ. ಸೈಕಲ್ಲು ಹೋದರೆ ನಾನು ಮತ್ತೆ ಸ್ಟಾಫ್ ರೂಮಿನಲ್ಲಿ ಕೂತು ಆಟದ ಮೇಷ್ಟ್ರ ನಗು ನೋಡಬೇಕು. ಕೊಡದೆ ಇರೋಣವೆಂದರೆ ವಸ್ತು ಅವನದು. ಕೊಡೋಣವೆಂದರೆ ಹ್ಯಾಂಗಿತ್ತೋ ಹಾಂಗೆ ಇಲ್ಲ. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿದೆ, ತೆಂಗಿನೆಣ್ಣೆ ಸವರಿದೆ, ಬಿಸಿನೀರು ಹೊಯ್ದೆ. ಬಣ್ಣ ಇನ್ನಷ್ಟು ಹೊಳೆಯಿತು, ಅಷ್ಟೇ. ನಮ್ಮನೆಯವರು ಬಾಗಿಲಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ ಆ ಬಣ್ಣವನ್ನು ಗೌರವದಿಂದ ನೋಡಿದರು. ಗುರುವಾರದ ಹೊತ್ತಿಗೆ ನನಗೆ ಸಿಟ್ಟು ಬಂತು. ಬರಲಿ, ನೋಡಿಯೇ ಬಿಡೋಣ. ಮನೆಯ ಗಂಡುಮಕ್ಕಳಿಗೆ ಬೆನ್ನು ಹಿಡಿದರೆ ಸೈಕಲ್ಲು ಮೂಲೆ ಸೇರಬಹುದು, ಹೆಣ್ಣು ತುಳಿದರೆ ಅದನ್ನು ಮಾರಬೇಕೆ? ಈ ಭಾಷಣವನ್ನು ಕನ್ನಡಿಯ ಮುಂದೆ ಮೂರು ಸಲ ಹೇಳಿ ನೋಡಿಕೊಂಡೆ.

ಅಣ್ಣಯ್ಯ ಬಂದ. ಅಂಗಳದಲ್ಲಿದ್ದ ಸೈಕಲ್ಲನ್ನು ಒಂದು ಸುತ್ತು ಬಂದು ನೋಡಿದ. "ಅರೆ! ಎಂತ ಹೆಣೆ ಇದ್?" ಅಂದ. ಕನ್ನಡಿಯ ಮುಂದೆ ಹೇಳಿಕೊಂಡ ಭಾಷಣದ ಮೊದಲ ಸಾಲೇ ನನಗೆ ಮರೆತುಹೋಯಿತು. ಶೀನ ಮಾವನೂ ಅಲ್ಲೇ ಜಗಲಿಯಲ್ಲಿ ಚಾ ಕುಡಿಯುತ್ತಿದ್ದರು. ಅಣ್ಣಯ್ಯ ಬಗ್ಗಿ ಅಂಗೈಯಿಂದ ಚೌಕಟ್ಟನ್ನು ಸವರಿದ, ಉಗುರು ಹಾಕಿ ನೋಡಿದ, ಮತ್ತೆ ಸವರಿದ. ಎಷ್ಟಾದರೂ ದೋಣಿಮನೆಯಲ್ಲಿ ಹುಟ್ಟಿದ ಕೈ. "ಮಾವ, ಕೆಲ್ಸ ಲಾಯ್ಕಾಯ್ತ್ ಮರ್ರೆ" ಎಂಬ ಮಾತು ಅವನಿಗೇ ಗೊತ್ತಿಲ್ಲದೆ ಹೊರಬಿತ್ತು. ಆಮೇಲೆ ಸಿಟ್ಟು ನೆನಪಾಗಿ, "ಇದನ್ನ್ ಇನ್ನ್ ಯಾರ್ ತಕಂತ್ರ್?" ಎಂದು ನನ್ನ ಕಡೆ ತಿರುಗಿದ. ಉತ್ತರ ಕೊಟ್ಟದ್ದು ಮಾವ. "ಹೆಸ್ರ್ ಬರ್ದಾಯ್ತಲ್ಲ ಮಾಣಿ. ದೋಣಿ ಮೇಲ್ ಯಾರ್ ಹೆಸ್ರಿತ್ತೋ ದೋಣಿ ಅವರ್ದ್." ಈ ಲೆಕ್ಕದಲ್ಲಿ ನಮ್ಮೂರಿನ ದೋಣಿಗಳಲ್ಲಿ ಅರ್ಧ ದೇವರದು, ಇನ್ನರ್ಧ ಇನ್ನೂ ಶಾಲೆಗೆ ಹೋಗುವ ಮಕ್ಕಳದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಣ್ಣಯ್ಯ ಫೋನು ತೆಗೆದು ಆ ಕೊಳ್ಳುವವರಿಗೆ ಹಿಂದಿಯಲ್ಲಿ ಇಲ್ಲ ಅಂದುಬಿಟ್ಟ. ನನಗೆ, "ಇಷ್ಟೆಲ್ಲಾ ಮಾಡಿ ಕಡೀಯವ್ಳಾಗಿ ಬಂದ್ರೆ ಕಾಣ್" ಅಂದ. ಅತ್ತೇಬಿಡುತ್ತಿದ್ದೆ. ಒಳಗೆ ಹೋಗಿ ಅವನಿಗೆ ಸಕ್ಕರೆ ಹಾಕದ ಚಾ ಮಾಡಿಕೊಟ್ಟೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ಹೇಳಲು ಕೂತ ಮೇಲೆ ಪೂರ್ತಿ ಹೇಳಬೇಕು. ಕಿತ್ತಳೆಯ ನಾಲ್ಕು ಡಬ್ಬ ತರಿಸಿದೆ ಅಂದೆನಲ್ಲ, ತರಿಸಿದ್ದು ಒಟ್ಟು ಐದು. ಐದನೆಯದು ಕಪ್ಪು. ಜನರಿಗೆ ಹೆದರುವವಳಲ್ಲ ಎಂದು ಗಂಡನ ಮುಂದೆ ಎರಡು ಸಲ ಸಾರಿದವಳು, ಜನ ತೀರಾ ಬಾಯಿ ಮಾಡಿದರೆ ಕಿತ್ತಳೆಯ ಮೇಲೆ ಹೊಡೆದುಬಿಡೋಣವೆಂದು ಅದನ್ನೂ ತರಿಸಿ, ಪೆಟ್ಟಿಗೆಯ ತಳದಲ್ಲಿ ಕಾಗದದ ಕೆಳಗೆ ಇಟ್ಟಿದ್ದೆ. ಅಣ್ಣಯ್ಯ ಹೋದ ಮೂರನೆಯ ದಿನ ತಲ್ಲೂರಿನ ಹತ್ತಿರ ಬಸ್ಸೊಂದು ನನ್ನ ಪಕ್ಕಕ್ಕೆ ಬಂತು. ಕ್ಲೀನರು ಬಾಗಿಲಲ್ಲಿ ನೇತಾಡುತ್ತ, "ಹ್ವಾಯ್ ಸುಗುಣ ಟೀಚ್ರೇ! ಜೋರ್ ಜೋರ್! ನಿನ್ನೆ ಎಂತಕ್ ಬರ್ಲಿಲ್ಲ?" ಎಂದು ಕೂಗಿದ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಅದರಲ್ಲಿ ಎರಡು ನನ್ನ ಹತ್ತನೆಯ ತರಗತಿಯವು. ಕಿವಿ ಬಿಸಿಯಾಯಿತು. ಅಲ್ಲಿಂದಲೇ ಸೈಕಲ್ಲು ತಿರುಗಿಸಿ ನೇರ ಶೀನ ಮಾವನ ಚಪ್ಪರಕ್ಕೆ ಹೋದೆ. ಪೆಟ್ಟಿಗೆ ಬೋರಲು ಹಾಕಿದೆ, ಕಾಗದವಷ್ಟೇ ಬಿತ್ತು.

"ಮಾವ, ಇದರಲ್ಲಿ ಒಂದು ಕಪ್ಪು ಡಬ್ಬ ಇತ್ತಲ್ಲ?"

"ಇದ್ದಿತ್ತ್. ಅದ್ ಪೂರಾ ಖಾಲಿ ಆಯ್ತ್."

"ಯಾವುದಕ್ಕೆ?"

"ನಿನ್ನ್ ಹೆಸ್ರಿಗ್ ನೆರಳ್ ಬ್ಯಾಡ್ದಾ? ಕಪ್ಪ್ ನೆರಳ್ ಕೊಟ್ಟದ್ಕೇ ಅಷ್ಟ್ ದೂರಕ್ ಕಾಂಬುದ್" ಎಂದು ಮಾವ ಹೆಮ್ಮೆಯಿಂದ ಹೇಳಿ, ಕುಂಚ ತೊಳೆಯಲು ಹೋದರು.